ಶಿಕಾಗೊದ ಮನೆಮಂದಿಯ ರೀಲುಗಳು, ಮಾಟುಂಗಾದ ಗೋಡೆಯ ಮೇಲೆ

ಅರ್ಧ ನಿಮಿಷದಷ್ಟೂ ಉದ್ದವಿಲ್ಲದ ಒಂದು ಚಿತ್ರವನ್ನು ಆ ಭಾನುವಾರ ಸಂಜೆ ನಾವು ಮೂರು ಸಲ ಹಾಕಬೇಕಾಯಿತು. ಮಾಟುಂಗಾ ಪೂರ್ವದಲ್ಲಿ ನಮ್ಮ ಕನ್ನಡ ಓದುಗರ ಬಳಗ ತಿಂಗಳಿಗೊಮ್ಮೆ ಬಾಡಿಗೆಗೆ ಹಿಡಿಯುವ ಸಣ್ಣ ಕೋಣೆಯಲ್ಲಿ, ಪರದೆಯಿಲ್ಲದ ಕಾರಣ ಸುಣ್ಣ ಹೊಡೆದ ಗೋಡೆಯ ಮೇಲೆಯೇ, ಸೂಟು ತೊಟ್ಟು ಬೋ ಟೈ ಕಟ್ಟಿದ ಒಬ್ಬ ಗಂಡಸೂ ಅಂದದ ಉಡುಪಿನ ಒಬ್ಬ ಹೆಂಗಸೂ ಕಾಣಿಸಿಕೊಂಡರು. ಇಬ್ಬರೂ ಕಪ್ಪು ಜನಾಂಗದವರು. ಅವನು ಅವಳನ್ನು ತಬ್ಬಿ ಮುತ್ತಿಡುತ್ತಾನೆ, ಅವಳು ನಗುತ್ತ ಹಿಂದೆ ಸರಿಯುತ್ತಾಳೆ, ಇಬ್ಬರೂ ಕೈ ಹಿಡಿದು ತೋಳು ಬೀಸುತ್ತಾರೆ, ಮತ್ತೆ ಹತ್ತಿರ ಬರುತ್ತಾರೆ, ಮತ್ತೆ ಮುತ್ತು, ಮತ್ತೆ ನಗು. ಅಷ್ಟರಲ್ಲಿ ಚಿತ್ರ ಮುಗಿದುಹೋಗುತ್ತದೆ. ಮೊದಲ ಸಲ ಹಿರಿಯರು ಕೊಂಚ ಮುಜುಗರಪಟ್ಟುಕೊಂಡರು. ಎರಡನೆಯ ಸಲ ಆ ನಗು ಕೋಣೆಯಲ್ಲಿದ್ದವರ ಮುಖಕ್ಕೂ ಹತ್ತಿತು. ಮೂರನೆಯ ಸಲ ಹಾಕಿಸಿದವರು ನಮ್ಮ ದೊಡ್ಡಮ್ಮ. ಎಂಬತ್ತಾರು ವರ್ಷದ ಅವರು ಮುಂದಿನ ಸಾಲಿನಲ್ಲಿ ಕೂತಿದ್ದರು. "ಆ ಹುಡುಗಿಯ ನಗು ನಾಟಕದ್ದಲ್ಲ ಮಗಾ, ಇನ್ನೊಂದು ಸಲ ತೋರಿಸು" ಎಂದರು.

ಅದು 1898ರಲ್ಲಿ ಶಿಕಾಗೊ ನಗರದಲ್ಲಿ ವಿಲಿಯಂ ಸೆಲಿಗ್ ಎಂಬ ನಿರ್ಮಾಪಕ ತೆಗೆದ ಚಿತ್ರ. ಅದರಲ್ಲಿರುವ ಸೇಂಟ್ ಸಟಲ್ ಮತ್ತು ಗರ್ಟಿ ಬ್ರೌನ್ ರಂಗಭೂಮಿಯ ಕಲಾವಿದರು. ಬಿಳಿಯ ನಟರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ಗೇಲಿ ಮಾಡುವುದೇ ಅಮೆರಿಕದ ರಂಗಮಂಚದ ದೊಡ್ಡ ಮನರಂಜನೆಯಾಗಿದ್ದ ಕಾಲದಲ್ಲಿ, ಇಬ್ಬರು ಕಪ್ಪು ಕಲಾವಿದರು ತಮ್ಮದೇ ಮುಖದಲ್ಲಿ, ತಮ್ಮದೇ ಒಲವಿನಲ್ಲಿ ಕ್ಯಾಮೆರಾದ ಮುಂದೆ ನಿಂತಿದ್ದರು. ಆಮೇಲೆ ಒಂದು ಶತಮಾನಕ್ಕೂ ಹೆಚ್ಚು ಕಾಲ ಈ ಚಿತ್ರ ಯಾರ ನೆನಪಿನಲ್ಲೂ ಇರಲಿಲ್ಲ. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಗ್ರಹಪಾಲಕ ಡೀನೋ ಎವರೆಟ್ ಅವರ ಕೈಗೆ ನೈಟ್ರೇಟ್ ಎಂಬ ಹಳೆಯ ಬಗೆಯ ಫಿಲ್ಮಿನ ಪ್ರತಿಯೊಂದು ಸಿಕ್ಕಿತು. ಶಿಕಾಗೊ ವಿಶ್ವವಿದ್ಯಾಲಯದ ವಿದ್ವಾಂಸೆ ಆಲಿಸನ್ ನಾಡಿಯಾ ಫೀಲ್ಡ್ ಅದು ಯಾವ ಚಿತ್ರ, ಅದರಲ್ಲಿರುವವರು ಯಾರು ಎಂಬುದನ್ನು ಪತ್ತೆ ಹಚ್ಚಿದರು. 2018ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಯಲ್ಲಿ ಅದಕ್ಕೆ ಸ್ಥಾನ ದೊರೆಯಿತು. ಇದರದೇ ಇನ್ನಷ್ಟು ಉದ್ದದ ರೂಪವೊಂದು ನಾರ್ವೆಯ ರಾಷ್ಟ್ರೀಯ ಗ್ರಂಥಾಲಯದಲ್ಲಿಯೂ ಸಿಕ್ಕಿದೆ.

ಈ ಬರಹ ಆ ಒಂದು ಚಿತ್ರದ ವಿಮರ್ಶೆಯಲ್ಲ. ಶಿಕಾಗೊ ನಗರ ತನ್ನ ಕಪ್ಪು ಸಮುದಾಯದ ಬದುಕನ್ನು ಹಳೆಯ ಫಿಲ್ಮ್ ಮತ್ತು ವಿಡಿಯೊಗಳ ಮೂಲಕ ಉಳಿಸಿಕೊಂಡು, ಅವುಗಳನ್ನು ಜಗತ್ತಿನ ಯಾರು ಬೇಕಾದರೂ ಹಣ ಕೊಡದೆ ನೋಡುವಂತೆ ತೆರೆದಿಟ್ಟಿರುವ ಸಂಗ್ರಹಗಳನ್ನು ಕಳೆದ ಆರು ತಿಂಗಳಿಂದ ನಾನು ಮುಲುಂಡಿನ ನಮ್ಮ ಮನೆಯಲ್ಲಿ ಕುಳಿತು ನೋಡುತ್ತ ಬಂದಿದ್ದೇನೆ. ಅವುಗಳಲ್ಲಿ ನನ್ನನ್ನು ಬಹಳವಾಗಿ ಹಿಡಿದಿಟ್ಟುಕೊಂಡದ್ದು 'ಸೌತ್ ಸೈಡ್ ಹೋಮ್ ಮೂವಿ ಪ್ರಾಜೆಕ್ಟ್'. ಹೆಸರೇ ಹೇಳುವಂತೆ ಅದು ಶಿಕಾಗೊದ ದಕ್ಷಿಣ ಭಾಗದ ನಿವಾಸಿಗಳು ತಮ್ಮ ಮನೆ, ಬೀದಿ, ಬಂಧುಬಳಗವನ್ನು ತಾವೇ ಚಿತ್ರಿಸಿಕೊಂಡ ರೀಲುಗಳ ಸಂಗ್ರಹ. ಹಳೆಯ ಚಿತ್ರಗಳನ್ನು ಕೂಡಿಡುವ ಸಂಸ್ಥೆಗಳು ಹಲವು ಇವೆ. ಆದರೆ ಗೋಡೆಯ ಮೇಲೆ ಮೂಡುವ ಮುಖಕ್ಕೆ ಅದರ ಹೆಸರನ್ನು ಮರಳಿ ಕೊಡುವುದನ್ನೇ ಮುಖ್ಯ ಕೆಲಸವಾಗಿ ತೆಗೆದುಕೊಂಡ ಸಂಗ್ರಹವನ್ನು ನಾನು ಇದಕ್ಕೆ ಮೊದಲು ನೋಡಿರಲಿಲ್ಲ.

ಇದನ್ನು 2005ರಲ್ಲಿ ಆರಂಭಿಸಿದವರು ಶಿಕಾಗೊ ವಿಶ್ವವಿದ್ಯಾಲಯದ ಸಿನಿಮಾ ಪ್ರಾಧ್ಯಾಪಕಿ ಜಾಕ್ವೆಲಿನ್ ಸ್ಟುವರ್ಟ್. ಅವರು ಅದೇ ದಕ್ಷಿಣ ಶಿಕಾಗೊದಲ್ಲಿ ಬೆಳೆದವರು. ಮೂಕಿಚಿತ್ರಗಳ ಕಾಲದ ಕಪ್ಪು ಪ್ರೇಕ್ಷಕರನ್ನು ಕುರಿತು ಸಂಶೋಧನೆ ಮಾಡಿದವರು. 2021ರಲ್ಲಿ ಮೆಕಾರ್ಥರ್ ಫೆಲೋಶಿಪ್ ಎಂಬ ಅಮೆರಿಕದ ದೊಡ್ಡ ಗೌರವ ಪಡೆದವರು. ಅವರ ಕ್ರಮ ಸರಳವಾದದ್ದು, ಆದರೆ ತಾಳ್ಮೆ ಬೇಡುವಂಥದ್ದು. ಅಟ್ಟದ ಮೇಲೆ, ನೆಲಮಾಳಿಗೆಯಲ್ಲಿ, ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಬಿದ್ದಿರುವ ರೀಲುಗಳನ್ನು ಕುಟುಂಬಗಳು ತರುತ್ತವೆ. ಸಂಗ್ರಹದವರು ಅವನ್ನು ಪರೀಕ್ಷಿಸಿ, ಶುಚಿಗೊಳಿಸಿ, ಡಿಜಿಟಲ್ ಪ್ರತಿ ಮಾಡಿ, ಆ ಪ್ರತಿಯನ್ನು ಕುಟುಂಬಕ್ಕೂ ಕೊಡುತ್ತಾರೆ. ಅಷ್ಟಕ್ಕೇ ನಿಲ್ಲದೆ, ಆ ಕುಟುಂಬದವರನ್ನು ಕೂರಿಸಿಕೊಂಡು ಅವರ ನೆನಪುಗಳನ್ನು ಅವರ ದನಿಯಲ್ಲೇ ದಾಖಲಿಸುತ್ತಾರೆ. ಬಾಗಿಲಿನಿಂದ ಹೊರಬರುತ್ತಿರುವ ಹೆಂಗಸು ಯಾರು, ಆ ಕಾರು ಯಾರದ್ದು, ಆ ಮನೆ ಯಾವ ಬೀದಿಯಲ್ಲಿತ್ತು, ಆ ದಿನ ಅಲ್ಲಿ ಯಾಕೆ ಎಲ್ಲರೂ ಸೇರಿದ್ದರು ಎಂಬುದನ್ನು ಕೇಳಿ ಬರೆದುಕೊಳ್ಳುತ್ತಾರೆ. ಚಿತ್ರಗಳನ್ನು ಕುಟುಂಬವಾರು ಜೋಡಿಸಿದ್ದಾರೆ. ಹೀಗಾಗಿ ಇಲ್ಲಿ ಅಲೆದಾಡುವವನಿಗೆ ಇತಿಹಾಸದ ಉಗ್ರಾಣವನ್ನು ಹೊಕ್ಕ ಹಾಗೆ ಅನಿಸುವುದಿಲ್ಲ, ಒಂದೊಂದೇ ಮನೆಯ ಕದ ತಟ್ಟಿ ಒಳಗೆ ಹೋದಂತೆ ಅನಿಸುತ್ತದೆ.

ಈ ಮನೆಗಳು ಅಲ್ಲಿಗೆ ಬಂದದ್ದು ಹೇಗೆ ಎಂಬುದನ್ನು ಸ್ವಲ್ಪ ತಿಳಿದುಕೊಂಡೇ ಈ ಚಿತ್ರಗಳನ್ನು ನೋಡಬೇಕು. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಿಂದ 1970ರವರೆಗೆ ಸುಮಾರು 60 ಲಕ್ಷ ಕಪ್ಪು ಜನ ಅಮೆರಿಕದ ದಕ್ಷಿಣ ರಾಜ್ಯಗಳನ್ನು ಬಿಟ್ಟು ಉತ್ತರದ ಮತ್ತು ಪಶ್ಚಿಮದ ನಗರಗಳಿಗೆ ಹೋದರು. ಹತ್ತಿಯ ಹೊಲದಲ್ಲಿ ತೀರದ ಸಾಲ, ಮತದಾನಕ್ಕೆ ಅಡ್ಡಗಾಲು, ಗುಂಪು ಕಟ್ಟಿ ನೇಣು ಹಾಕುವ ಭಯ ಅವರನ್ನು ಅಲ್ಲಿಂದ ಹೊರಡಿಸಿದವು. ಉಕ್ಕಿನ ಕಾರ್ಖಾನೆ, ಕಸಾಯಿಖಾನೆ, ರೈಲಿನ ಕೆಲಸಗಳು ಕರೆದವು. ಮಿಸಿಸಿಪ್ಪಿಯ ಕಡೆಯಿಂದ ಶಿಕಾಗೊಗೆ ನೇರವಾಗಿ ಬರುತ್ತಿದ್ದದ್ದು ಇಲಿನಾಯ್ ಸೆಂಟ್ರಲ್ ರೈಲು. 1905ರಲ್ಲಿ ರಾಬರ್ಟ್ ಆ್ಯಬಟ್ ಶಿಕಾಗೊದಲ್ಲಿ ಆರಂಭಿಸಿದ 'ಡಿಫೆಂಡರ್' ಪತ್ರಿಕೆಯನ್ನು ಪುಲ್ಮನ್ ಕಂಪನಿಯ ಮಲಗುವ ಬೋಗಿಗಳ ಕಪ್ಪು ಪೋರ್ಟರುಗಳು ದಕ್ಷಿಣದ ಊರೂರಿಗೆ ಮುಟ್ಟಿಸುತ್ತಿದ್ದರು, ಅದನ್ನು ಓದಿ ಜನ ಗಂಟುಮೂಟೆ ಕಟ್ಟುತ್ತಿದ್ದರು. 1910ರಲ್ಲಿ ಸುಮಾರು 44 ಸಾವಿರವಿದ್ದ ಶಿಕಾಗೊದ ಕಪ್ಪು ಜನಸಂಖ್ಯೆ 1930ರ ಹೊತ್ತಿಗೆ 2 ಲಕ್ಷ 33 ಸಾವಿರವನ್ನು ದಾಟಿತ್ತು. ಬ್ರಾನ್ಸ್‌ವಿಲ್ ಎಂದು ಹೆಸರಾದ ದಕ್ಷಿಣ ಭಾಗದ ಆ ಕಿರಿದಾದ ಪಟ್ಟಿಯಲ್ಲಿ ಅವರ ಅಂಗಡಿ, ಚರ್ಚು, ಬ್ಯಾಂಕು, ನೃತ್ಯಶಾಲೆ, ಪತ್ರಿಕೆ ಎಲ್ಲವೂ ಬೆಳೆದವು.

ಆ ಪಟ್ಟಿಯಾಚೆಗೆ ಹೋಗಲು ಅವರಿಗೆ ದಾರಿಯಿರಲಿಲ್ಲ ಎಂಬುದೇ ಈ ಚಿತ್ರಗಳ ಹಿಂದಿರುವ, ಚಿತ್ರದಲ್ಲಿ ಕಾಣಿಸದ ಸಂಗತಿ. ಕೆರೆಯ ದಂಡೆಯಲ್ಲಿ ಮಕ್ಕಳು ನೀರೆರಚಿಕೊಂಡು ಆಡುವುದನ್ನೋ, ಹಿರಿಯರು ಬುತ್ತಿ ಬಿಚ್ಚಿ ಕೂರುವುದನ್ನೋ ಇಂಥ ಮನೆಚಿತ್ರಗಳಲ್ಲಿ ನೋಡುವಾಗ ಅದೊಂದು ಸಾಮಾನ್ಯ ಪಿಕ್ನಿಕ್ಕು ಎನಿಸುತ್ತದೆ. ಆದರೆ ಮಿಷಿಗನ್ ಸರೋವರದ ದಂಡೆಯಲ್ಲಿ, 1919ರ ಜುಲೈ 27ರಂದು, ಯೂಜೀನ್ ವಿಲಿಯಮ್ಸ್ ಎಂಬ ಹದಿನೇಳು ವರ್ಷದ ಕಪ್ಪು ಹುಡುಗ, ನೀರಿನಲ್ಲಿ ಯಾರೂ ಎಳೆಯದ, ಆದರೆ ಎಲ್ಲರೂ ತಿಳಿದಿದ್ದ ಗೆರೆಯೊಂದನ್ನು ದಾಟಿ ಬಿಳಿಯರ ಕಡೆಗೆ ತೇಲಿಹೋದ. ಬಿಳಿಯನೊಬ್ಬ ಕಲ್ಲೆಸೆದ, ಹುಡುಗ ಮುಳುಗಿ ಸತ್ತ. ಆ ನಂತರದ ಗಲಭೆಯಲ್ಲಿ 23 ಮಂದಿ ಕಪ್ಪು ಜನರೂ 15 ಮಂದಿ ಬಿಳಿಯರೂ ಸತ್ತರು. ಇದನ್ನು ತಿಳಿದ ಮೇಲೆ, ಅದೇ ಸರೋವರದ ನೀರಿಗೆ ಇಳಿಯುವ ಮಗುವಿನ ಕಡೆಗೆ ಕ್ಯಾಮೆರಾ ಹಿಡಿದ ತಂದೆಯ ಕೈ ಯಾಕೆ ಅಷ್ಟು ಹೊತ್ತು ಕದಲದೆ ನಿಂತಿದೆ ಎಂಬ ಪ್ರಶ್ನೆ ನನ್ನಲ್ಲಿ ಎದ್ದಿತು. ಆ ತಂದೆಯ ಮನಸ್ಸಿನಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ. ಆದರೆ ಆ ಪ್ರಶ್ನೆ ಬಂದ ಮೇಲೆ ನನ್ನಿಂದ ಯಾವ ಪಿಕ್ನಿಕ್ಕನ್ನೂ ಬೇಗ ಓಡಿಸಿ ನೋಡುವುದು ಸಾಧ್ಯವಾಗಲಿಲ್ಲ.

ಮನೆಗಳ ವಿಷಯವೂ ಹಾಗೆಯೇ. ಮೆಟ್ಟಿಲ ಮೇಲೆ ಸಾಲಾಗಿ ನಿಂತ ಕುಟುಂಬ, ಹೊಸ ಕೋಟು ತೊಟ್ಟ ಮಕ್ಕಳು, ಅಂಗಳದ ಹುಲ್ಲು, ಒಬ್ಬೊಬ್ಬರೇ ಬಾಗಿಲು ದಾಟಿ ಬಂದು ಕೈಬೀಸುವುದು ಮನೆಚಿತ್ರಗಳಲ್ಲಿ ಮತ್ತೆ ಮತ್ತೆ ಬರುವ ನೋಟ. ಕಪ್ಪು ಜನರಿಗೆ ಮನೆ ಮಾರಕೂಡದು, ಬಾಡಿಗೆಗೂ ಕೊಡಕೂಡದು ಎಂಬ ಷರತ್ತನ್ನು ಆಸ್ತಿಯ ದಸ್ತಾವೇಜಿನಲ್ಲಿಯೇ ಬರೆಸುವ ಪದ್ಧತಿ ಶಿಕಾಗೊದಲ್ಲಿ ವ್ಯಾಪಕವಾಗಿತ್ತು. ಅಂಥ ಷರತ್ತುಗಳನ್ನು ನ್ಯಾಯಾಲಯಗಳು ಜಾರಿಮಾಡುವಂತಿಲ್ಲವೆಂದು ಅಮೆರಿಕದ ಸುಪ್ರೀಂ ಕೋರ್ಟು ಹೇಳಿದ್ದು 1948ರಲ್ಲಿ. ಹಾಗಾಗಿ ಆ ಮೆಟ್ಟಿಲ ಮೇಲೆ ನಿಂತು ಕೈಬೀಸುವುದರಲ್ಲಿ ಎಷ್ಟು ದಶಕಗಳ ಕಾಯುವಿಕೆ ಸೇರಿಕೊಂಡಿದೆಯೋ ಊಹಿಸಬೇಕು.

ಸಂಗ್ರಹದ ಈ ಬಗೆಯ ಚಿತ್ರಗಳನ್ನು ನೋಡುವವರೆಗೆ ನನಗೆ ಗೊತ್ತಿದ್ದ ಕಪ್ಪು ಶಿಕಾಗೊ ಸುದ್ದಿಚಿತ್ರಗಳ ಶಿಕಾಗೊ ಆಗಿತ್ತು. 1966ರ ಆಗಸ್ಟಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ತಲೆಗೆ ಕಲ್ಲು ಬಿದ್ದ ಮೆರವಣಿಗೆ, 1968ರಲ್ಲಿ ಅವರ ಕೊಲೆಯಾದ ಮೇಲೆ ಹೊತ್ತಿ ಉರಿದ ಬೀದಿಗಳು, ಪೊಲೀಸರ ಸಾಲು. ಅವೆಲ್ಲ ನಿಜ, ಮರೆಯಬಾರದಂಥವು. ಆದರೆ ಒಂದು ಸಮುದಾಯವನ್ನು ಅದರ ಮೇಲೆ ಏಟು ಬಿದ್ದ ದಿನಗಳಲ್ಲಿ ಮಾತ್ರ ಕ್ಯಾಮೆರಾ ಹುಡುಕಿಕೊಂಡು ಬರುವುದಾದರೆ, ಉಳಿದ ದಿನಗಳಲ್ಲಿ ಆ ಜನ ಬದುಕಿಯೇ ಇರಲಿಲ್ಲವೇನೋ ಎಂಬಂತಾಗುತ್ತದೆ. ಉಳಿದ ದಿನಗಳನ್ನು ಚಿತ್ರಿಸಿಕೊಂಡವರು ಅವರೇ. ಎಂಟು ಮಿಲಿಮೀಟರಿನ ಐವತ್ತು ಅಡಿ ಫಿಲ್ಮು ಓಡುವುದು ಸುಮಾರು ನಾಲ್ಕು ನಿಮಿಷ ಮಾತ್ರ. ಕೊಳ್ಳಲು ಹಣ ಬೇಕು, ತೊಳೆಸಲು ಅಂಚೆಯಲ್ಲಿ ಕಳಿಸಿ ಕಾಯಬೇಕು. ಅಂಥ ನಾಲ್ಕು ನಿಮಿಷವನ್ನು ಯಾವುದಕ್ಕೆ ಖರ್ಚು ಮಾಡಬೇಕೆಂಬ ನಿರ್ಧಾರವೇ ಒಂದು ಸಾಕ್ಷ್ಯ. ಹುಟ್ಟುಹಬ್ಬದ ಕೇಕಿಗೆ, ಪದವಿ ಪಡೆದ ಮಗಳಿಗೆ, ಚರ್ಚಿನಿಂದ ಹೊರಬರುವ ಹೆಂಗಸರ ಟೋಪಿಗಳಿಗೆ, 1929ರಿಂದ ಪ್ರತಿವರ್ಷ ಆಗಸ್ಟಿನಲ್ಲಿ ನಡೆಯುವ ಬಡ್ ಬಿಲಿಕನ್ ಮೆರವಣಿಗೆಗೆ ಅವರು ಆ ನಿಮಿಷಗಳನ್ನು ಕೊಟ್ಟರು. ಈ ಮೆರವಣಿಗೆಯನ್ನು ಆರಂಭಿಸಿದ್ದೂ ಅದೇ ಡಿಫೆಂಡರ್ ಪತ್ರಿಕೆ, ಮಕ್ಕಳಿಗಾಗಿ. ಕೊಡಕ್ರೋಮ್ ಫಿಲ್ಮಿನಲ್ಲಿ ತೆಗೆದ ಚಿತ್ರಗಳಲ್ಲಿ ಕೆಂಪು ಬಣ್ಣ ಇಂದಿಗೂ ನಿನ್ನೆ ಒಣಗಿಸಿದ ಸೀರೆಯ ಹಾಗೆ ನಿಚ್ಚಳವಾಗಿದೆ.

ಬ್ರಾನ್ಸ್‌ವಿಲ್‌ನ 47ನೆಯ ಬೀದಿಯಲ್ಲಿ 1928ರಲ್ಲಿ ತೆರೆದ ರೀಗಲ್ ಥಿಯೇಟರನ್ನು 1973ರಲ್ಲಿ ಕೆಡವಲಾಯಿತು. 1962ರಲ್ಲಿ ಪೂರ್ಣಗೊಂಡ ರಾಬರ್ಟ್ ಟೇಲರ್ ಹೋಮ್ಸ್ ಎಂಬ ಸರಕಾರಿ ವಸತಿಸಮುಚ್ಚಯದ ಹದಿನಾರು ಮಹಡಿಯ 28 ಕಟ್ಟಡಗಳೂ ಈಗಿಲ್ಲ. ಅಲ್ಲಿನ ಬದುಕನ್ನು ಇನ್ನು ಫಿಲ್ಮಿನಲ್ಲಿ ಮಾತ್ರ ನೋಡಬೇಕು.

ಈ ಸಂಗ್ರಹದ ಹೆಚ್ಚಿನ ಚಿತ್ರಗಳಿಗೆ ಶಬ್ದವಿಲ್ಲ. ಆರಂಭದಲ್ಲಿ ಇದೊಂದು ಕೊರತೆಯೆಂದು ನಾನು ಎಣಿಸಿದ್ದೆ. ಆದರೆ ನಮ್ಮ ಬಳಗದಲ್ಲಿ ಇಂಗ್ಲಿಷು ಸರಾಗವಾಗಿ ಬಾರದ ಹಿರಿಯರು ಹಲವರಿದ್ದಾರೆ. ಅಮೆರಿಕದ ಯಾವ ಸಾಕ್ಷ್ಯಚಿತ್ರ ಹಾಕಿದರೂ ಅವರ ಪಕ್ಕದಲ್ಲಿ ಕೂತು ಯಾರಾದರೂ ಪಿಸುಗುಡಬೇಕಾಗುತ್ತಿತ್ತು. ಇಲ್ಲಿ ಅದು ಬೇಕಾಗಲಿಲ್ಲ. ಮಗುವಿಗೆ ಟೋಪಿ ಸರಿಮಾಡುವ ತಾಯಿ, ಕ್ಯಾಮೆರಾ ಕಂಡೊಡನೆ ಸೆರಗಿಲ್ಲದಿದ್ದರೂ ಅಂಗೈಯಿಂದ ಮುಖ ಮರೆಮಾಡುವ ಅಜ್ಜಿ, ಎಲ್ಲರೂ ನಿಂತಿರುವಾಗ ಚೌಕಟ್ಟಿನಾಚೆಗೆ ಓಡುವ ಹುಡುಗ, ಯಾವುದಕ್ಕೂ ಅನುವಾದ ಬೇಡ. ಮೌನವನ್ನು ಸಹಿಸದವರಿಗೆ ಸಂಗ್ರಹದವರೇ ಮತ್ತೊಂದು ದಾರಿ ಮಾಡಿದ್ದಾರೆ: ಕೊರೊನಾ ಕಾಲದಲ್ಲಿ, 2020ರಲ್ಲಿ, 'ಸ್ಪಿನ್ನಿಂಗ್ ಹೋಮ್ ಮೂವೀಸ್' ಎಂಬ ಸರಣಿಯನ್ನು ಆರಂಭಿಸಿ, ಶಿಕಾಗೊದ ಸಂಗೀತಗಾರರು ಮತ್ತು ಡಿಜೆಗಳು ಈ ಮೂಕ ರೀಲುಗಳಿಗೆ ಸಂಗೀತ ಹೊಂದಿಸುವಂತೆ ಮಾಡಿದರು. ಯುವಕರಿಗೆ ಅದು ಹಿಡಿಸುತ್ತದೆ. ನನ್ನ ಮಟ್ಟಿಗೆ ಮೊದಲು ಮೌನದಲ್ಲಿ ನೋಡಿ, ಆಮೇಲೆ ಸಂಗೀತದೊಡನೆ ನೋಡುವುದೇ ಸರಿಯಾದ ಕ್ರಮ. ಮೊದಲೇ ಹಾಡು ಸೇರಿಕೊಂಡರೆ ಕಣ್ಣು ಕಾಲಿನ ತಾಳವನ್ನು ಹಿಂಬಾಲಿಸುತ್ತದೆ, ಮುಖಗಳನ್ನು ಬಿಟ್ಟುಬಿಡುತ್ತದೆ.

ಸಂಗ್ರಹದ ಒಂದು ಮಿತಿಯನ್ನು ಹೇಳಲೇಬೇಕು. ಕ್ಯಾಮೆರಾ ಯಾರ ಕೈಯಲ್ಲಿತ್ತೋ ಅವರ ಬದುಕು ಮಾತ್ರ ಮನೆಚಿತ್ರದಲ್ಲಿ ಉಳಿಯುತ್ತದೆ. 16 ಮಿಲಿಮೀಟರ್ ಕ್ಯಾಮೆರಾ ಮಾರುಕಟ್ಟೆಗೆ ಬಂದದ್ದು 1923ರಲ್ಲಿ, ಅದಕ್ಕಿಂತ ಅಗ್ಗದ 8 ಮಿಲಿಮೀಟರಿನದು 1932ರಲ್ಲಿ. ಅಗ್ಗವೆಂದರೂ ಸಂಬಳದಲ್ಲಿ ಸ್ವಲ್ಪ ಮಿಕ್ಕುವ ಮನೆಗಳಿಗೆ ಮಾತ್ರ ಅದು ಎಟಕುತ್ತಿತ್ತು. ಅದೇ ದಕ್ಷಿಣ ಶಿಕಾಗೊದಲ್ಲಿ ಒಂದು ಮನೆಯನ್ನು ಕಡಿದು ಐದಾರು ಕೋಣೆ ಮಾಡಿ, ಒಂದೊಂದು ಕೋಣೆಯಲ್ಲಿ ಒಂದೊಂದು ಸಂಸಾರ ತುಂಬಿ, ಇಡೀ ಮಹಡಿಗೆ ಒಂದೇ ಶೌಚಾಲಯ ಇಟ್ಟು ಬಾಡಿಗೆ ವಸೂಲಿ ಮಾಡುವ 'ಕಿಚನೆಟ್' ಮನೆಗಳು ಸಾವಿರಗಟ್ಟಲೆ ಇದ್ದವು. ಚಾಳಿನ ಖೋಲಿಯಲ್ಲಿ ಬೆಳೆದ ನಮ್ಮವರಿಗೆ ಅದರ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಆ ಕೋಣೆಗಳ ಒಳಗಿನಿಂದ ಯಾರೂ ರೀಲು ಓಡಿಸಲಿಲ್ಲ. ಇದು ಸಂಗ್ರಹದವರ ತಪ್ಪಲ್ಲ, ಆದರೆ ನೋಡುವವರು ನೆನಪಿನಲ್ಲಿಡಬೇಕಾದ ಮಾತು.

ಈ ಕೊರತೆಯನ್ನು ಒಂದಿಷ್ಟು ತುಂಬುವುದು ಶಿಕಾಗೊದ್ದೇ ಆದ 'ಮೀಡಿಯಾ ಬರ್ನ್' ವಿಡಿಯೊ ಸಂಗ್ರಹ. ಟಾಮ್ ವೈನ್‌ಬರ್ಗ್ ಅವರು 2003ರಲ್ಲಿ ಸ್ಥಾಪಿಸಿದ ಇದರಲ್ಲಿ ಸಾವಿರಾರು ವಿಡಿಯೊಗಳು ಉಚಿತವಾಗಿ ಸಿಗುತ್ತವೆ. ಅರವತ್ತರ ದಶಕದ ಕೊನೆಗೆ ಹೆಗಲಿಗೆ ತೂಗುಹಾಕಿಕೊಳ್ಳುವಂಥ ಪೋರ್ಟಪ್ಯಾಕ್ ವಿಡಿಯೊ ಯಂತ್ರ ಬಂದ ಮೇಲೆ, ಟೆಲಿವಿಷನ್ ಕಂಪನಿಗಳಿಗೆ ಸೇರದ ಯುವಕರು ಬೀದಿಗಿಳಿದು ಜನರನ್ನು ಮಾತಾಡಿಸತೊಡಗಿದರು. ನಾವು ಇದರಿಂದ ಆರಿಸಿಕೊಂಡದ್ದು ಹೆರಾಲ್ಡ್ ವಾಷಿಂಗ್ಟನ್ ಅವರ ದೃಶ್ಯಗಳನ್ನು. 1983ರ ಏಪ್ರಿಲ್ 12ರಂದು ಅವರು ಶಿಕಾಗೊದ ಮೊದಲ ಕಪ್ಪು ಮೇಯರಾಗಿ ಆಯ್ಕೆಯಾದರು, 1987ರ ನವೆಂಬರಿನಲ್ಲಿ ಅಧಿಕಾರದಲ್ಲಿರುವಾಗಲೇ ತೀರಿಕೊಂಡರು. ಅವರ ಮಾತು ಇಂಗ್ಲಿಷಿನಲ್ಲಿದ್ದರೂ ಆ ತುಂಬು ದನಿ ಹಿರಿಯರಿಗೆ ಇಷ್ಟವಾಯಿತು. ಆದರೆ ಇಲ್ಲಿ ವಿಡಿಯೊ ಹಿಂದೆ ವಿಡಿಯೊ ತೆರೆದುಕೊಳ್ಳುತ್ತ ಹೋಗುವುದರಿಂದ, ಏನು ಬೇಕೆಂದು ಮೊದಲೇ ಗೊತ್ತುಮಾಡಿಕೊಂಡು ಹೋಗದಿದ್ದರೆ ಒಂದು ಸಂಜೆ ಹಾಗೆಯೇ ಕಳೆದುಹೋಗುತ್ತದೆ.

ಮುಂಬಯಿಯಲ್ಲಿ ಕುಳಿತು ಇವನ್ನು ನೋಡಬಯಸುವವರಿಗೆ ನನ್ನ ಅನುಭವದ ಕೆಲವು ಮಾತು. ಮೊಬೈಲಿನಲ್ಲಿ ನೋಡಬೇಡಿ, ಎಂಟು ಮಿಲಿಮೀಟರಿನ ಚಿತ್ರದಲ್ಲಿ ಮುಖ ಮೊದಲೇ ಚಿಕ್ಕದು, ಅಂಗೈಯಗಲದ ಪರದೆಯಲ್ಲಿ ಅದು ಕಾಳಿನಷ್ಟಾಗುತ್ತದೆ. ಟೀವಿಗೋ ಪ್ರೊಜೆಕ್ಟರಿಗೋ ಜೋಡಿಸಿ, ಕೋಣೆ ಕತ್ತಲು ಮಾಡಿ. ವಿವರಣೆಗಳೆಲ್ಲ ಇಂಗ್ಲಿಷಿನಲ್ಲಿವೆ, ನಾವು ಅವನ್ನು ಮೊದಲೇ ಓದಿ, ಪ್ರತಿ ಕುಟುಂಬಕ್ಕೆ ನಾಲ್ಕು ಸಾಲಿನ ಕನ್ನಡ ಪರಿಚಯ ಬರೆದುಕೊಂಡು, ಚಿತ್ರಕ್ಕೆ ಮೊದಲು ಗಟ್ಟಿಯಾಗಿ ಓದಿದೆವು. ಒಂದೇ ಬೈಠಕಿನಲ್ಲಿ ನಲವತ್ತು ನಿಮಿಷಕ್ಕಿಂತ ಹೆಚ್ಚು ಬೇಡ. ಅದಕ್ಕಿಂತ ಹೆಚ್ಚಾದರೆ ಒಂದು ಕುಟುಂಬದ ಅಜ್ಜಿ ಇನ್ನೊಂದು ಕುಟುಂಬದ ಅಜ್ಜಿಯೊಡನೆ ಕಲೆಸಿಹೋಗುತ್ತಾಳೆ, ಸಂಗ್ರಹದವರು ಪಟ್ಟ ಶ್ರಮವೆಲ್ಲ ಹಾಗೆ ಆಗಬಾರದೆಂದೇ.

ನಮ್ಮ ಪ್ರದರ್ಶನದ ನಂತರದ ಚಹಾದ ಹೊತ್ತಿಗೆ ಒಬ್ಬರು, ಊರು ಬಿಟ್ಟು ಬಂದ ನಮ್ಮದೂ ಇದೇ ಕಥೆಯಲ್ಲವೇ ಎಂದರು. ಮುಂಬಯಿಯ ಕನ್ನಡಿಗರಿಗೆ ಹಾಗೆ ಅನಿಸುವುದು ಸಹಜ. ಕರಾವಳಿಯಿಂದ ಹಡಗು ಹತ್ತಿ ಬಂದವರು, ಹಗಲು ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿ ಶಾಲೆಯಲ್ಲಿ ಕನ್ನಡ ಕಲಿತವರು, 1902ರಷ್ಟು ಹಿಂದೆಯೇ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆ ಕಟ್ಟಿಕೊಂಡವರು ನಮ್ಮವರು. ಆದರೂ ನಾನು ಆ ಮಾತನ್ನು ಒಪ್ಪಲಿಲ್ಲ. ನಮ್ಮನ್ನು ಯಾರೂ ಹಿಡಿದು ಮಾರಿ ಇಲ್ಲಿಗೆ ತಂದಿರಲಿಲ್ಲ. ಮುಖದ ಬಣ್ಣ ನೋಡಿ ಕಡಲಿನ ನೀರಿನಲ್ಲಿ ನಮಗೆ ಗೆರೆ ಎಳೆದಿರಲಿಲ್ಲ. ಶಿಕಾಗೊದವರ ನೋವನ್ನು ನಮ್ಮದೆಂದು ಹೇಳಿಕೊಳ್ಳುವುದು ತಪ್ಪಾಗುತ್ತದೆ. ಅವರ ಕ್ರಮವನ್ನು ಕಲಿಯುವುದರಲ್ಲಿ ಮಾತ್ರ ತಪ್ಪಿಲ್ಲ.

ಕಲಿಯಲು ಕಾರಣ ದೊಡ್ಡಮ್ಮನ ಮನೆಯಲ್ಲಿಯೇ ಇತ್ತು. ಹಡಗಿನಲ್ಲಿ ಕೆಲಸಕ್ಕಿದ್ದ ದೊಡ್ಡಪ್ಪ ಅರವತ್ತರ ದಶಕದಲ್ಲಿ ಒಂದು ಎಂಟು ಮಿಲಿಮೀಟರ್ ಕ್ಯಾಮೆರಾ ತಂದಿದ್ದರು. ಅವರು ತೆಗೆದ ಮೂರು ರೀಲುಗಳಲ್ಲಿ ಒಂದನ್ನು ಕೆಲವು ವರ್ಷಗಳ ಹಿಂದೆ ನಾನು ಪ್ರತಿ ಮಾಡಿಸಲು ಒಂದು ಅಂಗಡಿಗೆ ಕೊಟ್ಟಿದ್ದೆ. ಅವರು ಅದನ್ನು ಹಳೆಯ ಪ್ರೊಜೆಕ್ಟರಿಗೆ ಏರಿಸಿ ಓಡಿಸಿದರು. ಕುಗ್ಗಿ ಪೆಡಸಾಗಿದ್ದ ಫಿಲ್ಮಿನ ಅಂಚಿನ ತೂತುಗಳು ಹರಿದವು, ಅರ್ಧ ರೀಲು ಚೂರಾಯಿತು. ಉಳಿದ ಎರಡು ಡಬ್ಬಿಗಳನ್ನು ಈ ಪ್ರದರ್ಶನದ ಮರುದಿನ ತೆರೆದಾಗ ವಿನಿಗರಿನ ಘಾಟು ಮೂಗಿಗೆ ಹೊಡೆಯಿತು. ಅಸಿಟೇಟ್ ಫಿಲ್ಮು ಸೆಕೆ ಮತ್ತು ತೇವದಲ್ಲಿ ಒಡೆಯತೊಡಗಿದಾಗ ಅಸಿಟಿಕ್ ಆಮ್ಲ ಬಿಡುತ್ತದೆ, ಆ ಆಮ್ಲವೇ ಮತ್ತೆ ಒಡೆಯುವಿಕೆಯನ್ನು ಬೇಗಮಾಡುತ್ತದೆ. ಮುಚ್ಚಿದ ಡಬ್ಬಿಯಲ್ಲಿ ಒಂದು ಕೆಟ್ಟ ರೀಲು ಪಕ್ಕದ ರೀಲನ್ನೂ ಕೆಡಿಸುತ್ತದೆ. ಮುಂಬಯಿಯ ಮಳೆಗಾಲಕ್ಕೆ ಇದಕ್ಕಿಂತ ಸುಲಭದ ತುತ್ತು ಬೇರಿಲ್ಲ. ಇಂಥ ಫಿಲ್ಮನ್ನು ಹಲ್ಲಿನ ಚಕ್ರವಿಲ್ಲದ ಸ್ಕ್ಯಾನರಿನಲ್ಲಿ ಮಾತ್ರ ಓಡಿಸಬೇಕೆಂಬುದನ್ನು ಈಗ ತಿಳಿದಿದ್ದೇನೆ. ರೀಲುಗಳನ್ನು ಬೇರೆ ಬೇರೆ ಡಬ್ಬಿಗೆ ಹಾಕಿ ಒಣಗಿದ, ತಂಪಾದ ಜಾಗದಲ್ಲಿಟ್ಟಿದ್ದೇವೆ. ಹಾಳಾದ ರೀಲಿನ ಉಳಿದ ಅರ್ಧದ ಪ್ರತಿಯನ್ನು ದೊಡ್ಡಮ್ಮನ ಮುಂದೆ ಹಾಕಿ, ಶಿಕಾಗೊದವರು ಮಾಡುವಂತೆಯೇ, ಅವರು ಹೇಳಿದ್ದನ್ನೆಲ್ಲ ಧ್ವನಿಮುದ್ರಿಸಿಕೊಂಡೆ. ಎರಡು ನಿಮಿಷದ ಚಿತ್ರಕ್ಕೆ ಅವರು ಒಂದೂವರೆ ಗಂಟೆ ಮಾತಾಡಿದರು. ಗಣಪತಿಯ ಮುಂದೆ ನಿಂತ ಹದಿಮೂರು ಮಂದಿಯಲ್ಲಿ ಹನ್ನೊಂದು ಮಂದಿಯ ಹೆಸರು ಸಿಕ್ಕಿತು. ಬಾಗಿಲ ಬಳಿ ತಟ್ಟೆ ಹಿಡಿದು ನಿಂತ ಹುಡುಗಿಯನ್ನು ಮೂರು ದಿನ ಯೋಚಿಸಿದರೂ ನೆನಪಿಸಿಕೊಳ್ಳಲಾಗದೆ ದೊಡ್ಡಮ್ಮ ಕಣ್ಣೀರು ಹಾಕಿದರು.

ಇನ್ನೊಂದು ಮಾತನ್ನು ಬರೆಯದೆ ಈ ವಿಮರ್ಶೆ ಮುಗಿಸಲಾರೆ. ಆಫ್ರಿಕಾದಿಂದ ಬಂದವರ ಮಕ್ಕಳು ಮರಿಮಕ್ಕಳು ಶಿಕಾಗೊದಲ್ಲಿ ಮಾತ್ರ ಇಲ್ಲ. ಮುಂಬಯಿಯ ಡೋಂಗ್ರಿಯಲ್ಲಿ ಸಿದ್ದಿಗಳ ಮೊಹಲ್ಲಾ ಇದೆ; ಹಬೆಹಡಗುಗಳ ಕಾಲದಲ್ಲಿ ಈ ಬಂದರಿನ ಹಡಗುಗಳ ಕುಲುಮೆಗೆ ಕಲ್ಲಿದ್ದಲು ಎಸೆದ ಕೈಗಳಲ್ಲಿ ಸಿದ್ದಿಗಳ ಕೈಗಳು ಬಹಳವಿದ್ದವು; ದಕ್ಷಿಣಕ್ಕೆ ಸ್ವಲ್ಪ ದೂರದ ಜಂಜೀರಾ ಜಲದುರ್ಗ ಸಿದ್ದಿ ಅರಸರದು. ನಮ್ಮ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡಿನ ಕಾಡಂಚಿನಲ್ಲಿ ನೆಲೆಸಿರುವ ಸಿದ್ದಿಗಳ ಪೂರ್ವಜರಲ್ಲಿ ಅನೇಕರು ಪೋರ್ಚುಗೀಸರ ಗೋವೆಗೆ ಗುಲಾಮರಾಗಿ ಬಂದು, ಅಲ್ಲಿಂದ ತಪ್ಪಿಸಿಕೊಂಡು ಘಟ್ಟ ಹತ್ತಿದವರು. ಕರ್ನಾಟಕದಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದು 2003ರಲ್ಲಿ. ನಮ್ಮ ಪ್ರದರ್ಶನಕ್ಕೆ ಯಲ್ಲಾಪುರದ ಕಡೆಯ ಒಬ್ಬ ಸಿದ್ದಿ ಯುವಕ ಬಂದಿದ್ದ. ಇಲ್ಲಿ ರೈಲ್ವೆಯಲ್ಲಿ ಕೆಲಸ, ನಮ್ಮ ಬಳಗದಿಂದ ಕನ್ನಡ ಕಾದಂಬರಿ ಒಯ್ದು ಓದುವವನು. ಅಂಗೈಯಿಂದ ಮುಖ ಮುಚ್ಚಿಕೊಂಡ ಅಜ್ಜಿಯ ಚಿತ್ರ ಮುಗಿದ ಮೇಲೆ ಅವನು ಬಹಳ ಹೊತ್ತು ಮಾತಾಡಲಿಲ್ಲ. ಕುರ್ಚಿ ಜೋಡಿಸುವಾಗ ನನ್ನ ಹತ್ತಿರ ಬಂದು, "ನಮ್ಮ ಅಜ್ಜಿದು ಒಂದು ಫೋಟೋನೂ ಇಲ್ಲ ಸರ್. ಕವದಿ ಹೊಲಿತಿದ್ರು. ಆ ಕವದಿ ಇದೆ, ಮುಖ ಇಲ್ಲ" ಎಂದ.

ಎರಡು ವಾರದ ನಂತರ ಅವನದೇ ಫೋನು ಬಂತು. ತೊಂಬತ್ತರ ದಶಕದಲ್ಲಿ ಚಿಕ್ಕಪ್ಪನ ಮದುವೆಗೆ ಯಾರೋ ವಿಡಿಯೊ ಮಾಡಿದ್ದರಂತೆ, ಆ ಕ್ಯಾಸೆಟ್ಟು ಊರಿನ ಮನೆಯ ಪೆಟ್ಟಿಗೆಯಲ್ಲಿ ಸಿಕ್ಕಿದೆಯಂತೆ, ಡಮಾಮಿ ಬಾರಿಸಿ ಕುಣಿಯುವ ಹೆಂಗಸರ ನಡುವೆ ಅಜ್ಜಿಯೂ ಇದ್ದಳೆಂದು ಅವನ ಅವ್ವ ಹೇಳುತ್ತಾಳಂತೆ. ಹಬ್ಬಕ್ಕೆ ಹೋದವನು ಅದನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದಾನೆ. ವಿಎಚ್‌ಎಸ್ ಕ್ಯಾಸೆಟ್ಟು, ಟೇಪಿನ ಅಂಚಿಗೆ ಬಿಳಿಯ ಬೂಷ್ಟು ಹಿಡಿದಿದೆ. ಬೂಷ್ಟು ತೆಗೆಯುವವರೆಗೆ ಯಾವ ಯಂತ್ರಕ್ಕೂ ಹಾಕಬಾರದೆಂದು ನಾನೇ ತಡೆದಿದ್ದೇನೆ. ತೆಗೆಯಬಲ್ಲವರೊಬ್ಬರನ್ನೂ ಸರಿಯಾಗಿ ನಡೆಯುವ ಒಂದು ವಿಸಿಆರನ್ನೂ ಹುಡುಕುತ್ತಿದ್ದೇವೆ. ಅವನ ಅವ್ವ ಮುಂದಿನ ತಿಂಗಳು ಮುಂಬಯಿಗೆ ಬರಲಿದ್ದಾಳೆ, ಕ್ಯಾಸೆಟ್ಟು ಓಡುವಾಗ ಅವಳು ಪಕ್ಕದಲ್ಲಿರಬೇಕು.